ಪುಟ ಹತ್ತೊಂಬತ್ತರಲ್ಲಿ ಬಿದ್ದುಹೋದ ದೀರ್ಘ

ನರಿಮೊಗರು, ಪುತ್ತೂರು ತಾಲೂಕು
ಮಾರ್ಚ್ ತಿಂಗಳ ಎರಡನೇ ಶನಿವಾರ, ೧೯೬೨

ಗೃಹಶ್ರಮ ಪರಿಹಾರ ಸಮಿತಿಯ ಸಮೀಕ್ಷಾಧಿಕಾರಿಗಳೂ, ಸೆಕೆಂಡನ್ನೂ ಬಿಡದೆ ಹಿಡಿಯುವ ಗಡಿಯಾರವನ್ನು ಕೊರಳಿಗೆ ತೂಗಿಸಿಕೊಂಡು ನಮ್ಮ ಅಡುಗೆಮನೆಗಳನ್ನು ಪಾವನಗೊಳಿಸಿದವರೂ ಆದ ಶ್ರೀ ಕೃಷ್ಣಮೋಹನ ಅವರಿಗೆ, ಅವರನ್ನು ಕಂಡವರೂ ಕಾಣದವರೂ ಓದಲು ಅಡ್ಡಿಯಿಲ್ಲದಂತೆ ಬರೆದುಕೊಂಡ ಬಹಿರಂಗ ಅರಿಕೆ.

ಮಾನ್ಯರೇ,

ತಾವು ಕ್ಷೇಮವಾಗಿ ಘಟ್ಟ ಹತ್ತಿ, ನಮ್ಮ ಸೆಕೆಯಲ್ಲಿ ಎದ್ದ ಬೆವರುಸಾಲೆಯೆಲ್ಲ ಮಾಯವಾಗಿ, ಮತ್ತೊಂದು ಜಿಲ್ಲೆಯ ಹೆಂಗಸರ ಮೇಲೆ ಕರುಣೆ ತೋರುವ ಸಿದ್ಧತೆಯಲ್ಲಿದ್ದೀರಿ ಎಂದು ನಂಬಿದ್ದೇನೆ. ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ಕಾಗದದ ಪದ್ಧತಿಯಾದ್ದರಿಂದ ಅದನ್ನೂ ಬರೆದಿದ್ದೇನೆ. ನಿಜಸಂಗತಿ ಬೇರೆಯೇ ಇದೆ, ಅದನ್ನು ತಮ್ಮ ಗಮನಕ್ಕೆ ತರುವುದಕ್ಕಾಗಿಯೇ ಈ ಪತ್ರ.

ತಮಗೆ ನನ್ನ ಪರಿಚಯ ಇರಲಾರದು, ಏಕೆಂದರೆ ತಾವು ಬಂದ ದಿನ ನಾನು ಮನೆಯಲ್ಲಿರಲಿಲ್ಲ. ತಮ್ಮ ಸಮೀಕ್ಷೆಯ ನಲವತ್ತೇಳನೇ ನಂಬ್ರದ ಮನೆಗೆ ಯಜಮಾನ ಎಂದು ತಮ್ಮ ಕಾಗದದಲ್ಲಿ ಯಾರ ಹೆಸರಿದೆಯೋ ಆ ಚೆನ್ನಕೇಶವ ನಾನೇ. ಯಜಮಾನ ಯಾರು ಎಂಬ ವಿಚಾರದಲ್ಲಿ ಮನೆಯೊಳಗೆ ಬೇರೆ ಅಭಿಪ್ರಾಯಗಳಿವೆ, ಅದು ಇಲ್ಲಿ ಬೇಡ. ಪುತ್ತೂರು ಪೇಟೆಯ ಒಂದು ಅಚ್ಚುಕೂಟದಲ್ಲಿ ಹದಿನೆಂಟು ವರ್ಷದಿಂದ ಮೊಳೆ ಜೋಡಿಸುತ್ತಿದ್ದೇನೆ. ಅಂದರೆ ಸೀಸದ ಅಕ್ಷರಗಳನ್ನು ಒಂದೊಂದಾಗಿ ಖಾನೆಗಳಿಂದ ಹೆಕ್ಕಿ, ತಿರುಗುಮುರುಗಾಗಿ ನಿಲ್ಲಿಸಿ, ಇತರರ ಮಾತುಗಳನ್ನು ಸಾಲು ಮಾಡಿಕೊಡುವುದು ನನ್ನ ಕಸುಬು. ಮನೆಯಲ್ಲಿ ಹೆಂಡತಿ ಕುಮುದಿನಿ ಮತ್ತು ತಾಯಿ ದೇವಮ್ಮ ಇದ್ದಾರೆ. ಈ ಪತ್ರ ತಾಯಿಗೆ ಸಂಬಂಧಿಸಿದ್ದು.

ತಮ್ಮ ‘ಗೃಹಕೃತ್ಯಗಳಲ್ಲಿ ವ್ಯರ್ಥ ಶ್ರಮ’ ಎಂಬ ಮೂವತ್ತೆರಡು ಪುಟದ ಪುಸ್ತಿಕೆಯನ್ನು ಹೊಗಳದೆ ಮುಂದೆ ಹೋದರೆ ನಾನು ಕೃತಘ್ನನಾಗುತ್ತೇನೆ. ನಮ್ಮ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಏನೋ ಮಾಡುತ್ತಲೇ ಇರುತ್ತಾರೆ ಎಂಬುದು ನಮಗೆಲ್ಲ ಗೊತ್ತಿತ್ತು. ಅದು ಏನು ಎಂದು ನೋಡಬೇಕೆಂದು ಈ ಊರಿನ ಯಾವ ಗಂಡಸಿಗೂ ತೋರಿರಲಿಲ್ಲ. ತಾವು ನೋಡಿದಿರಿ, ನೋಡಿ ಅಳೆದಿರಿ. ಒಬ್ಬ ಹೆಂಗಸು ಗೆರಸೆಯಲ್ಲಿ ಅಕ್ಕಿ ಹರಡಿಕೊಂಡು ಇಪ್ಪತ್ತು ನಿಮಿಷ ಹುಡುಕಿ ಕಡೆಗೆ ನಾಲ್ಕೇ ನಾಲ್ಕು ಕಲ್ಲು ಸಂಪಾದಿಸುತ್ತಾಳೆ, ಅಂದರೆ ಕಲ್ಲೊಂದಕ್ಕೆ ಐದು ನಿಮಿಷ ದಂಡ ಎಂಬ ತಮ್ಮ ಶೋಧನೆಯನ್ನು ಓದಿ ನಾನು ಬೆರಗಾದೆ. ಅಂಗಡಿಯ ಪೊಟ್ಟಣಕ್ಕೆ ಕಟ್ಟಿದ ನೂಲಿನ ಗಂಟು ಬಿಡಿಸಿ ಉಂಡೆ ಸುತ್ತಿಡುವುದಕ್ಕೆ ಆರು ನಿಮಿಷ. ಅಂಗಳ ಗುಡಿಸುವ ಮೊದಲು ಹಿಡಿಸೂಡಿಯ ಬುಡವನ್ನು ಅಂಗೈಗೆ ಬಡಿದು ಕಡ್ಡಿಗಳನ್ನು ಸಮ ಮಾಡುವುದಕ್ಕೆ ಮುಕ್ಕಾಲು ನಿಮಿಷ. ದೀಪದ ಬತ್ತಿ ಹೊಸೆಯುವುದಕ್ಕೂ ಚಾಪೆಯ ಎರಡು ತುದಿ ಇಬ್ಬರು ಹಿಡಿದು ಕೊಡವುವುದಕ್ಕೂ ಹೀಗೆಯೇ ಲೆಕ್ಕ. ಇಂಥ ಸಣ್ಣಪುಟ್ಟ ಹನ್ನೊಂದು ಕೆಲಸಗಳನ್ನು ಕೈಬಿಟ್ಟರೆ ಮನೆಯೊಂದಕ್ಕೆ ದಿನಕ್ಕೆ ಮೂರು ಗಂಟೆ ನಲವತ್ತು ನಿಮಿಷ ಉಳಿಯುತ್ತದೆ ಎಂದು ತಾವು ತೋರಿಸಿಕೊಟ್ಟಿರಿ. ನಮ್ಮ ಅಜ್ಜಿ ಪಿಜ್ಜಿಯರು ಇಷ್ಟೆಲ್ಲ ಹೊತ್ತನ್ನು ಮಣ್ಣುಪಾಲು ಮಾಡಿಬಿಟ್ಟರಲ್ಲ ಎಂದು ನನ್ನ ಹೊಟ್ಟೆ ಉರಿಯಿತು.

ತಾವು ನಮ್ಮ ಮನೆಗೆ ಬಂದದ್ದು ಜನವರಿಯ ಒಂದು ಮಧ್ಯಾಹ್ನ. ಕುಮುದಿನಿ ತೋಡಿನ ಬದಿಗೆ ಬಟ್ಟೆ ಒಗೆಯಲು ಹೋಗಿದ್ದಳು. ತಾಯಿ ಜಗಲಿಯಲ್ಲಿ ಕಾಲು ನೀಡಿ ಕುಳಿತು ಕುಚ್ಚಲಕ್ಕಿಯ ಕಲ್ಲು ಹೆಕ್ಕುತ್ತಿದ್ದರು. ಬಂದವರು ಯಾರು, ಎಲ್ಲಿಯವರು ಎಂದು ಕೇಳುವ ಮೊದಲೇ ಅವರು ಎದ್ದು ಹೋಗಿ ತಮಗೆ ಒಂದು ತುಂಡು ಬೆಲ್ಲ ಮತ್ತು ಒಂದು ಚೆಂಬು ನೀರು ತಂದಿಟ್ಟರು. ತಾವು ಎರಡನೇ ಚೆಂಬನ್ನೂ ಕೇಳಿ ಪಡೆದಿರಂತೆ. ತಮ್ಮ ಪುಸ್ತಿಕೆಯ ವ್ಯರ್ಥ ಕೆಲಸಗಳ ಪಟ್ಟಿಯಲ್ಲಿ ಒಂಬತ್ತನೆಯದು ‘ಅಪರಿಚಿತರಿಗೂ ಬೆಲ್ಲ, ನೀರು ಒದಗಿಸುವ ವಾಡಿಕೆ’ ಎಂಬುದನ್ನು ಕಂಡು, ಬಾಯಿಗೆ ಬಿದ್ದ ಬೆಲ್ಲಕ್ಕೂ ಸೋಲದ ತಮ್ಮ ನಿಷ್ಪಕ್ಷಪಾತ ಬುದ್ಧಿಗೆ ನಾನು ತಲೆಬಾಗಿದೆ.

ಆಮೇಲೆ ತಾವು ತಾಯಿಯನ್ನು, "ನಿಮಗೆ ಏನು ಕೆಲಸ?" ಎಂದು ಕೇಳಿದಿರಿ. ಇಲ್ಲಿ ನಮ್ಮ ಕಡೆಯ ಒಂದು ರೀತಿಯನ್ನು ತಮಗೆ ವಿವರಿಸಬೇಕಾಗಿದೆ. ಕೆಲಸದಲ್ಲಿ ಮುಳುಗಿದವರ ಹತ್ತಿರ ಯಾರಾದರೂ ಬಂದು ಎಂತ ಕೆಲಸ ಎಂದು ಕೇಳಿದರೆ, ಎರಡೂ ಕೈ ತುಂಬ ಕೆಲಸವಿದ್ದರೂ, ಎಂತದ್ದೂ ಇಲ್ಲ ಎನ್ನಬೇಕು. ಇದು ಸುಳ್ಳಲ್ಲ, ಮರ್ಯಾದೆ. ನೀವು ಬಂದದ್ದರಿಂದ ನನಗೇನೂ ತೊಂದರೆಯಾಗಲಿಲ್ಲ, ಕುಳಿತುಕೊಳ್ಳಿ, ನಾಲ್ಕು ಮಾತಾಡುವ ಎಂಬ ಉದ್ದದ ಉಪಚಾರವನ್ನು ಗಿಡ್ಡ ಮಾಡಿ ಹೇಳುವುದು ಹಾಗೆ. ನಾವು ಮನೆಯಲ್ಲಿ ತುಳು ಮಾತಾಡುವವರು, ಈ ಪತ್ರದಲ್ಲಿ ಮನೆಯವರ ಮಾತನ್ನು ತಮಗಾಗಿ ಕನ್ನಡ ಮಾಡಿದ್ದೇನೆ. ತಾಯಿ ಅದನ್ನು ತುಳುವಿನಲ್ಲಿಯೇ "ಬೇಲೆ ಇಜ್ಜಿ" ಎಂದರು. ಬೇಲೆ ಎಂದರೆ ಕೆಲಸ, ಇಜ್ಜಿ ಎಂದರೆ ಇಲ್ಲ. ತಾವು ಅಷ್ಟರಲ್ಲಿ ನಾಲ್ಕಾರು ತುಳು ಶಬ್ದಗಳನ್ನು ಕಲಿತಿದ್ದಿರಿ. ಸಂತೋಷದಿಂದ ತಲೆದೂಗಿ ಬರೆದುಕೊಂಡಿರಿ. ಮಡಿಲಲ್ಲಿ ಗೆರಸೆ ಇಟ್ಟುಕೊಂಡವರು ಕೆಲಸವಿಲ್ಲ ಎಂದರೆ ಒಮ್ಮೆ ಗೆರಸೆಯ ಕಡೆಗೆ ನೋಡುವುದು ತಮ್ಮ ನಿಯಮಾವಳಿಯಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಫೆಬ್ರವರಿ ಮೂರನೇ ವಾರಕ್ಕೆ ಪುಸ್ತಿಕೆ ಅಚ್ಚಾಗಿ, ಸಮೀಕ್ಷೆ ನಡೆದ ಪ್ರತಿ ಮನೆಗೂ ಒಂದೊಂದು ಪ್ರತಿ ಉಚಿತವಾಗಿ ಬಂತು. ನಮ್ಮ ಪ್ರತಿಯ ಹೊದಿಕೆಯ ಮೇಲೆ ಕೆಂಪು ಶಾಯಿಯಲ್ಲಿ ೪೭ ಎಂದು ಬರೆದಿತ್ತು. ತಾಯಿ ಓದಿದ್ದು ಎರಡನೇ ಕ್ಲಾಸು. ಆದರೆ ಮನೆಗೆ ಬಂದ ಅಚ್ಚಿನ ಕಾಗದ ಏನೇ ಇರಲಿ, ಮಗ ಮಾಡುವ ಕೆಲಸದ ಜಾತಿಯದ್ದೆಂಬ ಅಭಿಮಾನದಿಂದ, ಅಕ್ಷರದ ಕೆಳಗೆ ಬೆರಳಿಟ್ಟು ತುಟಿ ಆಡಿಸುತ್ತಾ ಪೂರ್ತಿ ಓದುತ್ತಾರೆ. ನಾಲ್ಕು ಮಧ್ಯಾಹ್ನ ಓದಿ ಹತ್ತೊಂಬತ್ತನೇ ಪುಟಕ್ಕೆ ತಲುಪಿದರು. ಅಲ್ಲಿ ಮನೆಗಳ ಕೋಷ್ಟಕ. ಎಂಟನೇ ಸಾಲಿನಲ್ಲಿ ನಲವತ್ತೇಳನೇ ಮನೆ, ಮುಂದೆ ‘ವೃದ್ಧೆ, ೬೬’, ಅದರ ಮುಂದೆ ಷರಾ ಎಂಬ ಅಂಕಣ, ಆ ಅಂಕಣದಲ್ಲಿ ಸ್ಪಷ್ಟವಾಗಿ, ಶಾಯಿ ಎಲ್ಲೂ ಹರಡದೆ, ‘ಬೆಲೆ ಇಲ್ಲ’ ಎಂದು ಅಚ್ಚಾಗಿತ್ತು.

ಒಂದು ದೀರ್ಘ ಬಿದ್ದುಹೋಗಿತ್ತು, ಮಾನ್ಯರೇ. ಬೇಲೆ ಹೋಗಿ ಬೆಲೆ ಆಗಿತ್ತು.

ನಮ್ಮೂರಿನಲ್ಲಿ ಬೆಲೆ ಎಂಬ ಶಬ್ದ ಹೆಚ್ಚಾಗಿ ಬಾಯಲ್ಲಿ ಬರುವುದಿಲ್ಲ. ಮೀನಿಗಾಗಲಿ ಸೀರೆಗಾಗಲಿ ನಾವು ಕೇಳುವುದು ಕ್ರಯ. ಬೆಲೆ ಪುಸ್ತಕದ ಶಬ್ದ, ಅದಕ್ಕೇ ಅದಕ್ಕೆ ತೂಕ ಜಾಸ್ತಿ. ಸಂಜೆ ನಾನು ಸೈಕಲ್ಲಿನಿಂದ ಇಳಿಯುವಾಗ ತಾಯಿ ಪುಸ್ತಿಕೆಯನ್ನು ಮಡಿಲಲ್ಲಿಟ್ಟು ಕಾಯುತ್ತಿದ್ದರು. "ಬೆಲೆ ಅಂದ್ರೆ ಕ್ರಯವೇ ಅಲ್ವಾ ಮಗಾ?" ಎಂದು ಕೇಳಿದರು. ನಾನು ಯಾವುದೋ ಸಾಮಾನಿನ ವಿಚಾರ ಎಂದು ಗ್ರಹಿಸಿ, ಹೌದು, ಕ್ರಯವೂ ಹೌದು, ಯೋಗ್ಯತೆ ಅಂತಲೂ ಆಗುತ್ತದೆ ಎಂದು ಪಂಡಿತನ ಹಾಗೆ ಒಂದು ಅರ್ಥ ಹೆಚ್ಚು ಹೇಳಿದೆ. "ಹಾಗಾದ್ರೆ ಸರಿ ಉಂಟು," ಎಂದು ಅವರು ಎದ್ದು ಒಳಗೆ ಹೋದರು. ಅವರು ಬಿಟ್ಟುಹೋದ ಪುಸ್ತಿಕೆಯ ಆ ಪುಟವನ್ನು ನಾನು ಆಮೇಲೆ ನೋಡಿದೆ.

ಮರುದಿನದಿಂದ ತಾಯಿ ತಮ್ಮ ಪುಸ್ತಿಕೆಯನ್ನು ಅಕ್ಷರಶಃ ಜಾರಿಗೆ ತಂದರು. ಕೋಪವಿಲ್ಲ, ಅಳುವಿಲ್ಲ. ಹನ್ನೊಂದು ಕೆಲಸಗಳನ್ನೂ ಬಿಟ್ಟು ಜಗಲಿಯ ಕಂಬಕ್ಕೆ ಒರಗಿ ಕೈ ಕಟ್ಟಿ ಕುಳಿತರು. ಕರೆದರೆ ಬಂದು ಉಣ್ಣುತ್ತಾರೆ, ಕೇಳಿದ್ದಕ್ಕೆ ಉತ್ತರಿಸುತ್ತಾರೆ. ಇಡೀ ರಾಜ್ಯದಲ್ಲಿ ತಮ್ಮ ಶಿಫಾರಸುಗಳನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಮನೆ ಇನ್ನೊಂದು ಇರಲಾರದು.

ಮೊದಲ ಎರಡು ದಿನ ನಮಗೆ ಏನೂ ಗೊತ್ತಾಗಲಿಲ್ಲ. ಮೂರನೇ ದಿನ ಮಧ್ಯಾಹ್ನ ತಮ್ಮ ಆ ನಾಲ್ಕು ಕಲ್ಲುಗಳಲ್ಲಿ ಒಂದು ನನ್ನ ಎಡದವಡೆಗೆ ಬಂತು. ಕಣ್ಣಲ್ಲಿ ನೀರು ಬಂದರೂ, ಐದು ನಿಮಿಷ ಉಳಿಸಿದ ಕಲ್ಲು ಎಂಬ ಗೌರವದಿಂದ ಅದನ್ನು ಬಟ್ಟಲಿನ ಬದಿಗೆ ಇಟ್ಟೆ. ಇಪ್ಪತ್ತು ನಿಮಿಷಕ್ಕೆ ನಾಲ್ಕು ಕಲ್ಲು ಎಂಬ ತಮ್ಮ ಲೆಕ್ಕವನ್ನು ನಾನು ಕುಮುದಿನಿಗೆ ಓದಿ ಹೇಳಿದಾಗ ಅವಳು ತಿರುಗಿ, "ಅಕ್ಕಿ ಹೆಕ್ಕುದು ಕಲ್ಲು ಸಿಗ್ಲಿಕ್ಕೆ ಅಂತ ಗ್ರಹಿಸಿದ್ದೀರಾ ಮಾರಾಯ್ರೆ? ಸಿಗದೇ ಇರ್ಲಿಕ್ಕೆ," ಎಂದಳು. ತಮ್ಮ ಸಮಿತಿಯಲ್ಲಿ ಯಾವುದಾದರೂ ಹುದ್ದೆ ಖಾಲಿ ಇದ್ದರೆ ಅವಳ ಹೆಸರನ್ನು ನಾನು ಸೂಚಿಸುತ್ತೇನೆ, ಆದರೆ ಅವಳಿಗೆ ಪುರುಸೊತ್ತು ಇಲ್ಲ.

ಆಮೇಲೆ ಒಂದೊಂದೇ ಕೆಲಸ ತಾನು ಇದ್ದೆನೆಂದು ಹೇಳಿಕೊಳ್ಳತೊಡಗಿತು. ಹಿಡಿಸೂಡಿಯ ಕಡ್ಡಿಗಳು ಮೇಲೆ ಕೆಳಗಾಗಿ ಕುಮುದಿನಿಯ ಅಂಗೈ ಚುಚ್ಚಿದವು. ಸೈಕಲ್ಲಿನ ಹಿಂದೆ ಕಟ್ಟಿದ ಚೀಲ ಸಡಿಲವಾಗಿ ಪೇಟೆ ದಾರಿಯ ದರ್ಬೆ ಎಂಬಲ್ಲಿ ಬಿತ್ತು, ಕಟ್ಟಲು ನೂಲು ಕೇಳಿದರೆ ಮನೆಯಲ್ಲಿ ಒಂದು ಮಾರು ನೂಲಿಲ್ಲ. ನೀರು ಕೇಳಿ ಬಂದ ಒಬ್ಬ ಮುದುಕ, ಯಾರೂ ಎದ್ದು ಬಾರದ್ದನ್ನು ನೋಡಿ, ಮನೆಯಲ್ಲಿ ಜನ ಇಲ್ಲವೆಂದು ತಿಳಿದು ಹಾಗೆಯೇ ಹೋದ. ತಾಯಿ ಜಗಲಿಯಲ್ಲಿಯೇ ಇದ್ದರು. ಅವರು ಏಳಲು ಹೋದದ್ದನ್ನು ನಾನು ಕಿಟಕಿಯಿಂದ ಕಂಡೆ, ಮತ್ತೆ ಕುಳಿತದ್ದನ್ನೂ ಕಂಡೆ. ನನಗೆ ಕಲ್ಲು ಕಚ್ಚಿದ್ದಕ್ಕಿಂತ ಹೆಚ್ಚು ನೋವಾದದ್ದು ಆಗ.

ಆದಿತ್ಯವಾರ ನಾನೇ ಗೆರಸೆ ಹಿಡಿದು ಕುಳಿತೆ. ಹದಿನೆಂಟು ವರ್ಷ ಸೀಸ ಹೆಕ್ಕಿದ ಬೆರಳಿಗೆ ಕಲ್ಲು ಹೆಕ್ಕುವುದೇನು ಮಹಾ ಎಂದುಕೊಂಡಿದ್ದೆ. ಮುಕ್ಕಾಲು ಗಂಟೆ ಹಿಡಿಯಿತು. ಸಿಕ್ಕಿದ್ದು ಎರಡು, ಅವುಗಳಲ್ಲಿಯೂ ಒಂದು ಅಕ್ಕಿಯೇ ಎಂದು ಕುಮುದಿನಿ ತೀರ್ಪು ಕೊಟ್ಟಳು. ಆದರೆ ಕುಳಿತಲ್ಲಿ ನನಗೆ ಒಂದು ವಿಷಯ ಹೊಳೆಯಿತು, ಅದನ್ನು ತಮ್ಮಂಥ ವಿದ್ಯಾವಂತರ ಮುಂದೆ ಹೇಳಲು ಸಂಕೋಚವಾಗುತ್ತದೆ. ನನ್ನ ಕೆಲಸವೂ ಅದೇ ಜಾತಿಯದ್ದು. ಅಕ್ಷರ ಸರಿ ಕುಳಿತರೆ ಅಲ್ಲೊಬ್ಬ ಚೆನ್ನಕೇಶವ ಇದ್ದನೆಂದು ಓದುವವರಿಗೆ ನೆನಪೇ ಆಗುವುದಿಲ್ಲ. ತಪ್ಪಿದರೆ ಮಾತ್ರ ಅವನ ಹೆಸರು ಹಿಡಿದು ಕರೆಯುತ್ತಾರೆ. ನನ್ನ ತಾಯಿ ಐವತ್ತು ವರ್ಷ ಯಾರ ಹಲ್ಲಿಗೂ ಕಲ್ಲು ಸಿಗದ ಹಾಗೆ ನೋಡಿಕೊಂಡರು. ಹಾಗಾಗಿ ಐವತ್ತು ವರ್ಷ ಯಾರೂ ಅವರನ್ನು ನೆನೆಯಲಿಲ್ಲ, ನಾನು ಸೇರಿ. ಆ ಹೊತ್ತಿನಲ್ಲಿ ಗೆರಸೆಯ ಅಕ್ಕಿಯನ್ನು ನೋಡುವಾಗ ನನಗೆ ಬಹಳ ನಾಚಿಕೆಯಾಯಿತು.

ಇನ್ನು ತಮ್ಮಿಂದ ಆಗಬೇಕಾದ ಉಪಕಾರಗಳು. ನಮ್ಮ ಮನೆಯಲ್ಲಿ ದಿನಕ್ಕೆ ಮೂರು ಗಂಟೆ ನಲವತ್ತು ನಿಮಿಷದಂತೆ ಎರಡು ವಾರದಿಂದ ಉಳಿದ ಹೊತ್ತು ಜಗಲಿಯಲ್ಲಿ ಹಾಗೆಯೇ ಬಿದ್ದಿದೆ. ಅದರ ಮೇಲೆ ತಾಯಿ ಕುಳಿತಿದ್ದಾರೆ. ಇದನ್ನು ತಮ್ಮ ಕಚೇರಿಗೆ ಪಾರ್ಸೆಲ್ ಮಾಡಬೇಕೇ, ಅಥವಾ ತಾವೇ ಜೀಪು ಕಳುಹಿಸುತ್ತೀರಾ ಎಂದು ತಿಳಿಸಬೇಕು. ತಾವು ಮತ್ತೊಮ್ಮೆ ಗಡಿಯಾರ ಹಿಡಿದು ಬಂದು, ಅರುವತ್ತಾರು ವರ್ಷದ ಒಬ್ಬ ಹೆಂಗಸು ಕೆಲಸವಿಲ್ಲದೆ ಕುಳಿತಾಗ ಒಂದು ಮಧ್ಯಾಹ್ನ ಎಷ್ಟು ಉದ್ದವಾಗುತ್ತದೆ ಎಂಬುದನ್ನೂ ಅಳೆದುಕೊಟ್ಟರೆ ವಿಜ್ಞಾನಕ್ಕೆ ದೊಡ್ಡ ಸೇವೆಯಾದೀತು. ಅದಕ್ಕೆ ತಮ್ಮ ಗಡಿಯಾರ ಸಾಲದೇ ಹೋಗಬಹುದು.

ತಾವು ಬೇಗ ಮಾಡಬೇಕಾದ ಕಾರಣವೊಂದಿದೆ. ತಾಯಿಯ ತಂಗಿ ಜಾಲ್ಸೂರಿನಲ್ಲಿದ್ದಾರೆ. ಬರುವ ಸೋಮವಾರದ ಬಸ್ಸಿಗೆ ಅಲ್ಲಿಗೆ ಹೋಗಿ ಇದ್ದುಬಿಡುತ್ತೇನೆ ಎಂದು ತಾಯಿ ಮೊನ್ನೆ ಹೇಳಿದರು. ನಾನು ಯಾಕೆ ಎಂದೆ. "ಬೆಲೆ ಇಲ್ಲದವಳು ಎಲ್ಲಿ ಕೂತ್ರೂ ಒಂದೇ ಅಲ್ವಾ? ಅಲ್ಲಿ ಮಾತಾಡ್ಲಿಕ್ಕೆ ತಂಗಿಯಾದ್ರೂ ಇದ್ದಾಳೆ," ಎಂದರು. ಸೀರೆಗಳನ್ನು ಮಡಚಿ ಇಟ್ಟಿದ್ದಾರೆ. ನನ್ನ ತಾಯಿ ನನ್ನ ಮನೆಯಿಂದ ಹೊರಟಿದ್ದಾರೆ, ಮಾನ್ಯರೇ, ಅದೂ ಒಂದು ದೀರ್ಘದ ದೆಸೆಯಿಂದ.

ಅಚ್ಚುಕೂಟದವರ ಬಳಿ ಇಂಥ ರೋಗಕ್ಕೆ ಒಂದು ಮದ್ದು ಇದೆ, ತಿದ್ದುಪಡಿ ಚೀಟಿ. ‘ಪುಟ ೧೯, ಸಾಲು ೮, ಬೆಲೆ ಎಂದಿರುವಲ್ಲಿ ಬೇಲೆ ಎಂದು ಓದಿಕೊಳ್ಳತಕ್ಕದ್ದು’ ಎಂದು ಅಚ್ಚು ಮಾಡಿ ಅಂಟಿಸುವುದು. ನಾನು ಅದನ್ನೇ ತಮ್ಮಿಂದ ಬೇಡಬೇಕೆಂದಿದ್ದೆ. ಬರೆಯುತ್ತಾ ಕುಳಿತಾಗ ತಿಳಿಯಿತು, ಚೀಟಿ ಅಂಟಿಸಿದರೆ ಆ ಸಾಲು ‘ಬೇಲೆ ಇಲ್ಲ’ ಎಂದಾಗುತ್ತದೆ. ದೀರ್ಘ ತೆಗೆದರೆ ನನ್ನ ತಾಯಿಗೆ ಬೆಲೆ ಇಲ್ಲ, ದೀರ್ಘ ಕೊಟ್ಟರೆ ಕೆಲಸ ಇಲ್ಲ. ಎರಡೂ ಸುಳ್ಳು. ತಪ್ಪು ಇರುವುದು ದೀರ್ಘದಲ್ಲಿ ಮಾತ್ರವಲ್ಲ, ‘ಇಲ್ಲ’ದಲ್ಲಿಯೂ ಇದೆ. ಆದ್ದರಿಂದ ತಾವು ದಯವಿಟ್ಟು ಆ ‘ಇಲ್ಲ’ವನ್ನು ಕಿತ್ತುಹಾಕಿ, ಷರಾ ಅಂಕಣದಲ್ಲಿ ‘ಬೇಲೆ’ ಎಂಬುದೊಂದನ್ನೇ ಉಳಿಸಿಕೊಡಬೇಕು. ತುಳು ಶಬ್ದ ಕನ್ನಡ ಪುಸ್ತಿಕೆಯಲ್ಲಿ ಇದ್ದರೆ ಇರಲಿ.

ಈ ಕೊನೆಯ ವಾಕ್ಯ ಬರೆದ ಮೇಲೆ ನನಗೆ ಮುಂದೆ ಬರೆಯಲು ಆಗಲಿಲ್ಲ. ಎದ್ದು ಹೋಗಿ ಮುಖ ತೊಳೆದು ಬಂದು ಬರೆಯುತ್ತಿದ್ದೇನೆ. ಇಷ್ಟರವರೆಗೆ ತಮ್ಮನ್ನು ಗೇಲಿ ಮಾಡಿದ್ದರಲ್ಲಿ ಅರ್ಧ ನ್ಯಾಯವಲ್ಲ. ತಮ್ಮ ಹಸ್ತಪ್ರತಿಯಲ್ಲಿ ದೀರ್ಘ ಇತ್ತು.

ತಮ್ಮ ಪುಸ್ತಿಕೆ ಅಚ್ಚಾದದ್ದು ಸಾಹುಲ್ ಹಮೀದ್ ಸಾಹೇಬರ ಅಚ್ಚುಕೂಟದಲ್ಲಿ, ಅಂದರೆ ನಾನು ದುಡಿಯುವಲ್ಲಿಯೇ. ಹತ್ತೊಂಬತ್ತನೇ ಪುಟವನ್ನು ಜೋಡಿಸಿದವನು ನಾನು. ಕೋಷ್ಟಕದಲ್ಲಿ ಹೆಸರುಗಳಿರಲಿಲ್ಲ, ಬರೀ ನಂಬ್ರಗಳು. ನಲವತ್ತೇಳು ನನ್ನ ಮನೆ ಎಂದು ನನಗೆ ಗೊತ್ತಿರಲಿಲ್ಲ. ತಾವು ‘ಬೇಲೆ ಇಲ್ಲ’ ಎಂದು ಚೆಂದದ ಅಕ್ಷರದಲ್ಲಿ, ಇಜ್ಜಿಯನ್ನು ಮಾತ್ರ ಇಲ್ಲ ಮಾಡಿ, ಬೇಲೆಯನ್ನು ಕೇಳಿದ ಹಾಗೆಯೇ ಬರೆದಿದ್ದಿರಿ. ಕನ್ನಡ ಪಾಠದ ನಡುವೆ ಬಾಯಿ ತಪ್ಪಿ ತುಳು ಬಂದರೆ ಅಂಗೈಗೆ ಬೆತ್ತ ಬೀಳುತ್ತಿದ್ದ ಶಾಲೆಯಲ್ಲಿ ಕಲಿತವನು ನಾನು. ಕನ್ನಡದ ಸಾಲಿನಲ್ಲಿ ತುಳು ಶಬ್ದ ಕಂಡರೆ, ಯಾರಾದರೂ ನೋಡಿ ನಗುವ ಮೊದಲು ಒರೆಸಿಬಿಡಬೇಕೆಂದು ನನ್ನ ಕೈಗೆ ಅಭ್ಯಾಸವಾಗಿದೆ. ಅರ್ಥ ಆಗುತ್ತದೋ ಇಲ್ಲವೋ ಎಂದೂ ನೋಡದೆ ದೀರ್ಘದ ಮೊಳೆಯನ್ನು ಚಿಮಟದಲ್ಲಿ ಎತ್ತಿ ಅದರ ಖಾನೆಗೆ ಹಾಕಿದೆ. ಆ ಶಬ್ದ ನನ್ನ ತಾಯಿಯ ಬಾಯಿಯಿಂದ ಬಂದದ್ದು. ನಾನು ಅವರ ಮಾತಿಗೆ ನಾಚಿದೆ, ಅದರ ಫಲವನ್ನು ಅವರು ಉಣ್ಣುತ್ತಿದ್ದಾರೆ.

ಸಾಹೇಬರಿಗೆ ಮಾತ್ರ ಇದನ್ನು ಹೇಳಿದೆ. "ನಿನ್ನ ಕೆಲಸ ಮೊಳೆ ಜೋಡಿಸುದು. ಬೇರೆಯವರ ಮಾತಿಗೆ ನೀನು ಯಾಕೆ ಕೈ ಹಾಕಿದ್ದು ಮಾರಾಯ?" ಎಂದು ಕೇಳಿದರು. ಆಮೇಲೆ ಈ ಪತ್ರವನ್ನು ಅಚ್ಚು ಮಾಡಲು ಮಿಕ್ಕಿದ ಕಾಗದವನ್ನು ತಾವಾಗಿಯೇ ಕೊಟ್ಟರು. ಮನೆಯಲ್ಲಿ ಹೇಳಲು ನನಗೆ ಧೈರ್ಯ ಬರಲಿಲ್ಲ. ಎರಡು ವಾರ ಎಲ್ಲ ಅಪವಾದವನ್ನೂ ತಮ್ಮ ತಲೆಗೆ ಕಟ್ಟಿದ್ದೆ, ಅದಕ್ಕೆ ತಮ್ಮ ಕ್ಷಮೆ ಕೋರುತ್ತೇನೆ. ಆದರೆ ನಿಜ ಹೇಳುವುದಾದರೆ ಈ ಪತ್ರ ತಮಗಾಗಿ ಬರೆದದ್ದಲ್ಲ. ಮನೆಗೆ ಬಂದ ಅಚ್ಚಿನ ಕಾಗದ ಯಾವುದಿದ್ದರೂ ಬೆರಳಿಟ್ಟು ಪೂರ್ತಿ ಓದುವವರು ಒಬ್ಬರು ಮನೆಯಲ್ಲಿದ್ದಾರೆ. ಬಾಯಿಯಿಂದ ಹೇಳಲಾಗದ್ದನ್ನು ನನಗೆ ಗೊತ್ತಿರುವ ಒಂದೇ ವಿದ್ಯೆಯಿಂದ ಹೇಳುತ್ತಿದ್ದೇನೆ. ತಾವು ವಿಳಾಸಕ್ಕೆ ಒದಗಿದಿರಿ, ಅಷ್ಟರ ಮಟ್ಟಿಗೆ ನಾನು ಋಣಿ.

ಎರಡೂ ದವಡೆಗಳು ಸುಖವಾಗಿರಲಿ ಎಂದು ತಮಗೆ ಹಾರೈಸುವ,

ತಮ್ಮ ವಿಶ್ವಾಸಿ,
ಚೆನ್ನಕೇಶವ
ಮನೆ ನಂಬ್ರ ೪೭

ವಿಶೇಷ ಸೂಚನೆ: ಈ ಪತ್ರದ ಪ್ರೂಫನ್ನು ಆದಿತ್ಯವಾರ ಬೆಳಿಗ್ಗೆ ತಾಯಿಯ ಕೈಗೆ ಕೊಟ್ಟು ನಾನು ದೀಪದ ಬತ್ತಿ ಹೊಸೆಯುವ ನೆಪದಲ್ಲಿ ಹತ್ತಿರವೇ ಕುಳಿತೆ. ಅವರು ಓದಿ ಮುಗಿಸಲು ಮಧ್ಯಾಹ್ನವಾಯಿತು. ದೀರ್ಘ ತೆಗೆದದ್ದು ನಾನೋ ಎಂದು ಒಮ್ಮೆ, ಅದನ್ನು ತೆಗೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ಇನ್ನೊಮ್ಮೆ ಕೇಳಿದರು. ಒಂದು ನಿಮಿಷವೂ ಇಲ್ಲ ಎಂದೆ. "ಹಾಗಾದ್ರೆ ಅವರಿಗೆ ಬರಿ, ಹೊತ್ತು ಉಳಿಸಿದ್ದು ನನ್ನ ಮಗ ಒಬ್ಬನೇ ಅಂತ," ಎಂದು ಹೇಳಿ, ನಾನು ಹೊಸೆದಿಟ್ಟ ಬತ್ತಿಗಳನ್ನೆಲ್ಲ ಎಳೆದುಕೊಂಡು, ಒಂದೊಂದಾಗಿ ಬಿಡಿಸಿ, ಮೊದಲಿನಿಂದ ಹೊಸೆಯಲು ಕುಳಿತರು. ಸೋಮವಾರದ ಬಸ್ಸಿನ ಸುದ್ದಿ ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ತಮಗೆ ಅವರದ್ದೊಂದು ಮಾತನ್ನು ಮುಟ್ಟಿಸಬೇಕಂತೆ, ತಮಗಾಗಿ ಅವರೇ ಕನ್ನಡದಲ್ಲಿ ಹೇಳಿದ್ದು, ಹೇಳಿದ ಹಾಗೆಯೇ ಜೋಡಿಸಿದ್ದೇನೆ, ಒಂದಕ್ಷರ ಮುಟ್ಟಿಲ್ಲ: "ಪಾಪ, ಬಿಸಿಲಿಗೆ ಬಂದವರು. ಇನ್ನೊಮ್ಮೆ ಬರ್ಲಿ. ಎಂತ ಬೇಲೆ ಅಂತ ಕೇಳುದು ಬೇಡ, ಬಂದು ಚಾಪೆಯ ಆಚೆ ತುದಿ ಹಿಡ್ಕೊಳ್ಳಲಿ, ಕೊಡವುವ."